ಬಾಣಂತಿ ಜೇಡ

ಇಡೀ ಜನ್ಮದಲ್ಲಿ ನಾನು ಒಂದೇ ಒಂದು ಸುಳ್ಳನ್ನು ಶ್ರದ್ಧೆಯಿಂದ ಬರೆದಿದ್ದೇನೆ. ನೀಲಿ ಶಾಯಿಯಲ್ಲಿ, ದಿನಾಂಕ ಮತ್ತು ವೇಳೆ ಸಮೇತ, ಇಪ್ಪತ್ತು ಪುಟ. ಬರೆದದ್ದು ಒಬ್ಬ ಮನುಷ್ಯನನ್ನು ತುಂಬಿದ ಸಭೆಯಲ್ಲಿ ನಗೆಪಾಟಲು ಮಾಡುವುದಕ್ಕೆ. ಪಶ್ಚಾತ್ತಾಪ ಇದೆಯೇ ಎಂದು ಕೇಳುವವರು ಸ್ವಲ್ಪ ತಾಳಿಕೊಳ್ಳಬೇಕು. ಇದೆ, ಆದರೆ ಆ ಮನುಷ್ಯನ ವಿಷಯದಲ್ಲಿ ಎಳ್ಳಷ್ಟೂ ಇಲ್ಲ.

ನಾನು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದವಳು. ಇಪ್ಪತ್ತೆಂಟು ವರ್ಷದ ಸರ್ವಿಸ್. ಗಾಜಿನ ಜಾಡಿಗಳಲ್ಲಿ ಮುಳುಗಿ ಕೂತಿರುವ ಹಾವು, ಕಪ್ಪೆ, ಮೀನುಗಳಿಗೆ ದ್ರಾವಣ ಬದಲಿಸುವುದು, ಸೂಕ್ಷ್ಮದರ್ಶಕಗಳ ಮಸೂರ ಒರೆಸುವುದು, ವಿದ್ಯಾರ್ಥಿಗಳು ಕೊಯ್ದು ಬಿಟ್ಟುಹೋದ ಜಿರಳೆಗಳನ್ನು ಬಳಿದು ಹಾಕುವುದು, ಹನ್ನೊಂದು ಗಂಟೆಗೆ ಎಲ್ಲರಿಗೂ ಚಹಾ ಮಾಡುವುದು. ಇಷ್ಟು ನನ್ನ ಕೆಲಸ.

ಸತ್ತವುಗಳ ಉಸಾಬರಿ ನನ್ನ ಕೆಲಸವಾದರೆ ಬದುಕಿರುವವುಗಳದ್ದು ನನ್ನ ಹುಚ್ಚು. ಪ್ರಯೋಗಾಲಯದ ಹಿಂದಿನ ಕಿಟಕಿಯ ಆಚೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಪಾಚಿ ಹಿಡಿದ ಗೋಡೆ, ಸೋರುವ ನಲ್ಲಿ, ಅದರ ಕೆಳಗೆ ಚರಂಡಿ, ಕಿಟಕಿಯ ಕಟ್ಟೆಯ ಮೇಲೆ ನಾನೇ ತಂದಿಟ್ಟ ನಿಂಬೆ ಗಿಡದ ಕುಂಡ. ಆದರೆ ಅಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಹಲ್ಲಿಗೆ ರೆಪ್ಪೆ ಇಲ್ಲ, ಅದು ನಾಲಿಗೆ ಚಾಚಿ ತನ್ನ ಕಣ್ಣನ್ನು ತಾನೇ ಒರೆಸಿಕೊಳ್ಳುತ್ತದೆ. ಮಣ್ಣಿನ ಗೂಡು ಕಟ್ಟುವ ಕಡಜ ಹಾರುವಾಗ ಒಂದು ಸದ್ದು ಮಾಡಿದರೆ ಮಣ್ಣು ಮೆತ್ತುವಾಗ ಇನ್ನೊಂದು ಸದ್ದು ಮಾಡುತ್ತದೆ, ಕೆಲಸ ಮಾಡುತ್ತ ಗುನುಗುವ ಹೆಂಗಸಿನಂತೆ. ಗುಬ್ಬಿಗಳು ಮಣ್ಣಿನಲ್ಲಿ ಹೊರಳಾಡುವುದಕ್ಕೆ ತಂತಮ್ಮ ಗುಂಡಿ ಮಾಡಿಕೊಂಡಿದ್ದವು, ಒಂದರ ಗುಂಡಿಗೆ ಇನ್ನೊಂದು ಇಳಿದರೆ ಜಗಳವೋ ಜಗಳ. ಇದೆಲ್ಲ ಪುಕ್ಕಟೆ. ಟಿಕೆಟ್ಟಿಲ್ಲ, ಸಾಲು ನಿಲ್ಲಬೇಕಾಗಿಲ್ಲ.

ನಾನು ನಿಂತು ನೋಡುವುದನ್ನು ಕಂಡು ಹಿಂದಿನ ಮುಖ್ಯಸ್ಥರು, ಪುಣ್ಯಾತ್ಮರು, ಒಂದು ಹಳೆಯ ಪ್ರಯೋಗದ ಪುಸ್ತಕವನ್ನು ನನ್ನ ಕೈಗೆ ಕೊಟ್ಟಿದ್ದರು. "ನೋಡಿದ್ದನ್ನ ಮಾತ್ರ ಬರಿಯಮ್ಮ. ಅಂದ್ಕೊಂಡಿದ್ದನ್ನ ಬರೀಬೇಡ. ಗೊತ್ತಾಗ್ದಿದ್ರೆ ಗೊತ್ತಿಲ್ಲ ಅಂತ ಬರಿ." ಆವತ್ತಿನಿಂದ ದಿನಕ್ಕೊಂದು ಪುಟ ಬರೆದೆ. ಒಟ್ಟು ಹದಿನಾಲ್ಕು ಪುಸ್ತಕಗಳಾದವು. ಅವುಗಳಲ್ಲಿ 'ಗೊತ್ತಿಲ್ಲ' ಎಂಬ ಮಾತು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ, ಆದರೆ ಸುಳ್ಳು ಒಂದೂ ಇರಲಿಲ್ಲ.

ಅವರು ನಿವೃತ್ತರಾದ ಮೇಲೆ, ಹದಿನಾಲ್ಕು ವರ್ಷದ ಹಿಂದೆ, ಈಗಿನವರು ಬಂದರು. ಮುಖ್ಯಸ್ಥರು ಎಂದೇ ಕರೆಯುತ್ತೇನೆ, ಬೇರೆ ಪದಗಳು ನಾಲಿಗೆಯ ತುದಿಯಲ್ಲೇ ಇವೆ, ಬೇಡ. ಶನಿವಾರದ ಚಹಾದ ಜೊತೆ ನನ್ನ ಪುಸ್ತಕ ತರಿಸಿಕೊಂಡು ಓದುವುದು ಅವರ ಅಭ್ಯಾಸವಾಯಿತು. ನನಗೆ ಮೊದಮೊದಲು ಹಿಗ್ಗೋ ಹಿಗ್ಗು. ಒಂದು ದಿನ ಕಸದ ಬುಟ್ಟಿಯ ಹತ್ತಿರ ಬಿದ್ದಿದ್ದ ಅಚ್ಚಾದ ಹಾಳೆ ಎತ್ತಿ ನೋಡಿದರೆ ನನ್ನ ಕಡಜದ ಎರಡು ಸದ್ದು, ನನ್ನ ನಲ್ಲಿ, ನನ್ನ ಗೋಡೆ, ಕೆಳಗೆ ಅವರ ಹೆಸರು. ಹೀಗೆ ಹನ್ನೊಂದು ಲೇಖನ ಬಂದವು. ಕಡಜ, ಹಲ್ಲಿ, ಗುಬ್ಬಿ, ಇರುವೆ ಎಲ್ಲವೂ ಅವರ ಪಾಲಾದವು.

ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಸರ್, ಕೊನೇಲಿ ಎಲ್ಲಾದ್ರೂ ಸಣ್ಣಕ್ಷರದಲ್ಲಿ ನನ್ನ ಹೆಸರೂ ಹಾಕ್ತೀರಾ?"

ಅವರು ಕನ್ನಡಕ ಒರೆಸುತ್ತ ನಕ್ಕರು. "ಹೆಸರು ಹಾಕೋಕೆ ಬರೀ ನೋಡಿದ್ರೆ ಸಾಲದಮ್ಮ. ನೋಡಿದ್ದು ಏನು ಅಂತ ಗೊತ್ತಿರಬೇಕು. ಸಕ್ಕರೆ ಸ್ವಲ್ಪ ಕಮ್ಮಿ ಮಾಡು ನಾಳೆಯಿಂದ."

ನಾನು ನುಂಗಿಕೊಂಡೆ. ಬಡವರ ಮನೆಯ ಹೆಂಗಸರು ನುಂಗುವುದರಲ್ಲಿ ನಿಸ್ಸೀಮರು. ನುಂಗಲಾಗದ್ದು ಬಂದದ್ದು ಅವರ ಪದಕದ ಸಮಾರಂಭದಲ್ಲಿ. ಹನ್ನೊಂದು ಲೇಖನಗಳಿಗಾಗಿ ಪದಕ, ಶಾಲು, ತುಂಬಿದ ಸಭಾಂಗಣ. ನಾನು ಹಿಂದಿನ ಬಾಗಿಲ ಹತ್ತಿರ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಅವರು ಮೈಕಿನ ಮುಂದೆ ನಿಂತು ನನ್ನತ್ತ ಕೈ ತೋರಿಸಿದರು. "ಇವತ್ತು ನಾನು ಇಲ್ಲಿ ನಿಂತಿದ್ರೆ ಅದಕ್ಕೆ ಕಾರಣ ನಮ್ಮ ಅಟೆಂಡರ್ ಅಮ್ಮ!" ಕೊನೆಗೂ ಬಾಯಿಬಿಟ್ಟರು ಎಂದುಕೊಂಡೆ. "ಅವರ ಚಹಾ ಇಲ್ದಿದ್ರೆ ನಾನು ಕಣ್ಣೇ ಬಿಡ್ತಿರ್ಲಿಲ್ಲ."

ಇಡೀ ಸಭೆ ಹೋ ಎಂದು ನಕ್ಕಿತು, ಚಪ್ಪಾಳೆ ತಟ್ಟಿತು. ನಾನೂ ನಗಬೇಕಾಯಿತು, ಕೈಯಲ್ಲಿ ತಟ್ಟೆ ಇತ್ತಲ್ಲ. ಆ ಕ್ಷಣದಲ್ಲೇ ತೀರ್ಮಾನ ಮಾಡಿದೆ, ಇನ್ನು ಒಂಬತ್ತು ತಿಂಗಳಿಗೆ ನನಗೆ ನಿವೃತ್ತಿ, ಅಷ್ಟರೊಳಗೆ ಇದೇ ಸಭಾಂಗಣದಲ್ಲಿ, ಇದೇ ಜನ, ಇವರನ್ನು ನೋಡಿ ಹೀಗೇ ನಗಬೇಕು. ಅದೊಂದು ಆಗದಿದ್ದರೆ ನನ್ನ ಇಪ್ಪತ್ತೆಂಟು ವರ್ಷ ಆ ಚರಂಡಿಗೆ ಹೋದಂತೆ.

ಹೇಗೆ ಎಂಬುದು ಹೊಳೆಯಲಿಲ್ಲ. ಹೊಟ್ಟೆಯುರಿಗೆ ಮೂರು ವಾರ ಪುಸ್ತಕವನ್ನೇ ಮುಟ್ಟಲಿಲ್ಲ, ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ಆ ದಿನಗಳಲ್ಲೇ ವಿಭಾಗದ ಗೋಡೆಗಳಿಗೆ ಗೆದ್ದಲಿನ ಔಷಧಿ ಹೊಡೆಸುವುದೆಂದು ಮೂರು ದಿನ ಬಾಗಿಲು ಹಾಕಿದರು. ಗಿಡದಲ್ಲಿರುವ ಜೀವಗಳು ಸುಮ್ಮನೆ ಸಾಯುತ್ತವಲ್ಲ ಎಂದು ನಿಂಬೆ ಕುಂಡವನ್ನು ಹೊತ್ತು ಮನೆಗೆ ತಂದೆ. ಅದರ ಒಂದು ಮಡಚಿದ ಎಲೆಯೊಳಗೆ ಇರುವೆಯಂಥ ಜೇಡವೊಂದು ಸಂಸಾರ ಹೂಡಿತ್ತು. ನೋಡಿದರೆ ಥೇಟ್ ಕಪ್ಪಿರುವೆ. ಜೇಡಕ್ಕೆ ಎಂಟು ಕಾಲು, ಇರುವೆಗೆ ಆರು, ಅದಕ್ಕೇ ಈ ಕಳ್ಳಿ ಮುಂದಿನ ಎರಡು ಕಾಲನ್ನು ಮೇಲೆತ್ತಿ ಮೀಸೆಯ ಹಾಗೆ ಆಡಿಸುತ್ತ ಇರುವೆಗಳ ನಡುವೆ ರಾಜಾರೋಷವಾಗಿ ಓಡಾಡುತ್ತದೆ. ಹಳೆಯ ಪುಸ್ತಕವೊಂದರಲ್ಲಿ ಇದರ ಬಗ್ಗೆ ಬರೆದಿದ್ದೆ: 'ಮರಿಗಳು ಗೂಡು ಬಿಟ್ಟು ಬರುವುದಿಲ್ಲ. ತಾಯಿ ಬೇಟೆಯನ್ನು ಒಳಗೆ ತರುವುದಿಲ್ಲ. ಆದರೂ ಮರಿಗಳು ಬೆಳೆಯುತ್ತವೆ. ಏನು ತಿನ್ನುತ್ತವೆ? ಗೊತ್ತಿಲ್ಲ.'

ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ನನ್ನವರು ಹೋದ ಮೇಲೆ ಅತ್ತೆ ಸೊಸೆ ಜಗಳವಾಡುವುದಕ್ಕೂ ಒಬ್ಬರಿಗೊಬ್ಬರೇ ಗತಿ. ಅತ್ತೆ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವರು. ಬಾಯಿ ಜೋರು, ಆಡುವ ಹತ್ತು ಮಾತಿನಲ್ಲಿ ಎಂಟು ಕುಚೋದ್ಯ. ಮಂಡಿನೋವಿಗೆ ಇಡೀ ದಿನ ಕಿಟಕಿಯ ಪಕ್ಕ ಕೂತು ಭೂತಗನ್ನಡಿ ಹಿಡಿದು ಪೇಪರ್ ಓದುತ್ತಾರೆ. ನಾನು ಕುಂಡವನ್ನು ಅದೇ ಕಿಟಕಿಯಲ್ಲಿಟ್ಟಿದ್ದೆ. ಮೂರನೆಯ ದಿನ ಸಂಜೆ ಬಟ್ಟೆ ಮಡಚುತ್ತಿರುವಾಗ ಅತ್ತೆ ಅಂದರು:

"ಆ ನಿನ್ನ ಬಾಣಂತಿ ಮಕ್ಕಳಿಗೆ ಹಾಲು ಕುಡಿಸ್ತಾಳೆ ಕಣೆ."

"ಯಾವ ಬಾಣಂತಿ?"

"ಅದೇ, ಎಲೆ ಒಳಗಿರೋಳು."

ನನಗೆ ಮೂರು ವಾರದಿಂದ ಬಾರದ ನಗು ಉಕ್ಕಿ ಬಂತು. "ಜೇಡಕ್ಕೆ ಎಲ್ಲಿಂದ ಬರುತ್ತೆ ಅತ್ತೆ ಹಾಲು? ನಿಮಗೆ ಎಲ್ಲಾ ಕಡೆ ಹೆರಿಗೆ ವಾರ್ಡೇ ಕಾಣುತ್ತೆ."

"ಸರಿ ಬಿಡಮ್ಮ. ನೀನು ಕಾಲೇಜಿನವಳು." ಅತ್ತೆ ಪೇಪರ್ ಎತ್ತಿಕೊಂಡರು.

ನಗು ನಿಲ್ಲುವಷ್ಟರಲ್ಲಿ ನನ್ನ ತಲೆಯಲ್ಲಿ ದೀಪ ಹತ್ತಿತ್ತು. ಹಾಲು ಕುಡಿಸುವ ಜೇಡ! ಇದಕ್ಕಿಂತ ದೊಡ್ಡ ಗಾಳ ಯಾವುದಿದೆ? ಯಾವ ಪುಸ್ತಕದಲ್ಲೂ ಇಲ್ಲದ್ದು, ಕೇಳಿದವರು ಬೆರಗಾಗುವಂಥದ್ದು, ಮತ್ತು ಶುದ್ಧ ಸುಳ್ಳು.

ಖಾಲಿ ಬಿಟ್ಟಿದ್ದ ಪುಟಗಳನ್ನು ಒಂದೊಂದಾಗಿ ತುಂಬಿದೆ. ಮರಿಯೊಡೆದ ದಿನದಿಂದ ಇಪ್ಪತ್ತನೆಯ ದಿನದವರೆಗೆ. 'ಬೆಳಗ್ಗೆ ಹತ್ತೂಕಾಲು. ತಾಯಿಯ ಹೊಟ್ಟೆಯ ಕೆಳಗೆ ಬಿಳಿಯ ಹನಿ. ಸಾಸಿವೆಯ ಕಾಲು ಭಾಗದಷ್ಟು. ಮರಿಗಳು ಬಾಯಿ ಹಚ್ಚಿದವು.' ಸುಳ್ಳು ಬರೆಯುವುದು ಇಷ್ಟು ಸಲೀಸು ಎಂದು ನನಗೆ ಗೊತ್ತಿರಲಿಲ್ಲ. ಒಂದು ದಿನ ಮೋಡ, ಹನಿ ಕಾಣಲಿಲ್ಲ ಎಂದು ಬರೆದೆ, ನಂಬಿಕೆ ಬರಲಿ ಎಂದು. ಆಮೇಲೆ ಮುಳ್ಳು ಇಟ್ಟೆ. ವಿಭಾಗಕ್ಕೆ ಬೀಗ ಬಿದ್ದಿತ್ತಲ್ಲ, ಆ ಮೂರು ದಿನಗಳಲ್ಲೂ ಪ್ರಯೋಗಾಲಯದ ಕಿಟಕಿಯಲ್ಲಿ ಗೂಡನ್ನು ನೋಡಿದ್ದಾಗಿ, ವೇಳೆ ಸಮೇತ ಬರೆದೆ. ಬಾಗಿಲು ಹಾಕುವ ನೋಟಿಸಿಗೆ ಸಹಿ ಹಾಕಿದವರು ಮುಖ್ಯಸ್ಥರೇ. ಅದೇ ವಾರ ವಿಭಾಗ ನೋಡಲು ಬರುತ್ತೇನೆ ಎಂದಿದ್ದ ಜೇಡಗಳ ತಜ್ಞೆಯೊಬ್ಬರಿಗೆ, ಔಷಧಿ ಹೊಡೆಸುತ್ತಿದ್ದೇವೆ, ಬರಬೇಡಿ ಎಂದು ಪತ್ರ ಬರೆದವರೂ ಅವರೇ. ಆ ಪತ್ರವನ್ನು ಅಂಚೆಗೆ ಹಾಕಿದವಳು ನಾನು.

ಬಾಗಿಲು ತೆರೆದ ದಿನ ಕುಂಡವನ್ನು ಮತ್ತೆ ಪ್ರಯೋಗಾಲಯದ ಕಿಟಕಿಯ ಕಟ್ಟೆಗೆ ತಂದಿಟ್ಟೆ. ಶನಿವಾರ ಚಹಾದ ಜೊತೆ ಪುಸ್ತಕ ಹೋಯಿತು. ಅರ್ಧ ಗಂಟೆಯಲ್ಲಿ ಮುಖ್ಯಸ್ಥರು ಓಡಿ ಬಂದರು, ಚಹಾ ಮುಟ್ಟಿರಲಿಲ್ಲ.

"ಇದು ನಿಜವೇನಮ್ಮ? ಹಾಲು?"

"ನನಗೇನು ಗೊತ್ತು ಸರ್. ಬಿಳೀ ಹನಿ ಕಂಡಿತು, ಬರೆದೆ. ನೀವೇ ನೋಡಿ."

ನಾನು ಮಸೂರದ ಕೆಳಗೆ ಒಂದು ಖಾಲಿ ನಿಂಬೆ ಎಲೆ ಇಟ್ಟೆ. ಅವರು ಒಂದು ಸೀನು ಸೀನುವಷ್ಟು ಹೊತ್ತು ಬಗ್ಗಿ ನೋಡಿ ತಲೆ ಎತ್ತಿದರು. "ಕಾಣ್ತಿದೆ, ಕಾಣ್ತಿದೆ! ಅದ್ಭುತ!" ಎಂದರು. ಖಾಲಿ ಎಲೆಯಲ್ಲಿ ಹಾಲು ಕಂಡವರ ಮೇಲೆ ನನಗೆ ಉಳಿದಿದ್ದ ಚೂರುಪಾರು ಕರುಣೆಯೂ ಅಲ್ಲಿಗೆ ಮುಗಿಯಿತು.

ಎರಡು ತಿಂಗಳಿಗೆ ವಿಚಾರ ಸಂಕಿರಣ. ಅದಕ್ಕೂ ಮೊದಲೇ ಪೇಪರಿನಲ್ಲಿ ಅವರ ಫೋಟೋ, 'ಜೇಡವೂ ಹಾಲೂಡಿಸುತ್ತದೆ' ಎಂದು ದಪ್ಪಕ್ಷರ. ಅತ್ತೆ ಅದನ್ನು ಭೂತಗನ್ನಡಿಯಲ್ಲಿ ಎರಡು ಸಲ ಓದಿ ನನ್ನ ಮುಖ ನೋಡಿದರು. ನನಗೆ ಆಗ ಅದರ ಕಡೆ ಗಮನವೂ ಇರಲಿಲ್ಲ. ನಾನು ಸಭೆಯ ದಿನವನ್ನು ಬೆರಳು ಮಡಚಿ ಎಣಿಸುತ್ತಿದ್ದೆ.

ಆ ದಿನ ನಾನು ಅದೇ ಹಿಂದಿನ ಬಾಗಿಲ ಹತ್ತಿರ, ಅದೇ ತಟ್ಟೆ ಹಿಡಿದು ನಿಂತೆ. ಮುಖ್ಯಸ್ಥರು ನಲವತ್ತು ನಿಮಿಷ ಮಾತಾಡಿದರು. 'ನಾನು ಕಣ್ಣಾರೆ ಕಂಡೆ' ಎಂದು ಏಳು ಸಲ ಹೇಳಿದರು. ಮುಗಿದ ಮೇಲೆ ಮುಂದಿನ ಸಾಲಿನಿಂದ ದಪ್ಪ ಕನ್ನಡಕದ, ಕತ್ತರಿಸಿದ ಬಿಳಿಕೂದಲಿನ ಹೆಂಗಸೊಬ್ಬರು ಎದ್ದರು. ಆ ತಜ್ಞೆಯೇ.

"ಹದಿನೆಂಟು, ಹತ್ತೊಂಬತ್ತು, ಇಪ್ಪತ್ತನೇ ದಿನ ಇದೇ ಕಟ್ಟಡದಲ್ಲಿ ನೋಡಿದ್ರಾ?"

"ಹೌದು. ಬೆಳಗ್ಗೆ ಹತ್ತೂಕಾಲಿಗೆ. ಕಣ್ಣಾರೆ."

"ಆ ಮೂರು ದಿನ ನಿಮ್ಮ ವಿಭಾಗಕ್ಕೆ ಬೀಗ ಹಾಕಿತ್ತಲ್ಲ? ಔಷಧಿ ಹೊಡೆಸ್ತಿದೀವಿ ಅಂತ ನನಗೆ ನೀವೇ ಬರೆದಿದ್ರಿ. ಪತ್ರ ಇಲ್ಲಿದೆ, ಓದ್ಲಾ?"

ಹಿಂದಿನ ಸಾಲಿನಿಂದ ಯಾರೋ, "ಸರ್, ಇವತ್ತಿನ ಚಹಾಕ್ಕೆ ಯಾರ ಹಾಲು?" ಎಂದರು. ಸಭೆ ಹೋ ಎಂದಿತು. ಅದೇ ನಗು, ಅದೇ ಗೋಡೆಗಳು. ಮುಖ್ಯಸ್ಥರು ಮೈಕನ್ನು ಹಿಡಿದುಕೊಂಡು ಕೆಂಪಾಗಿ, ಬಿಳಿಚಿ, ಮತ್ತೆ ಕೆಂಪಾದರು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಹೇಳುವುದಿಲ್ಲ, ಮದುವೆಯ ದಿನವೂ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ.

ಆ ಸಂತೋಷಕ್ಕೆ ಆಯಸ್ಸು ಎರಡೇ ದಿನ. ಮೂರನೆಯ ದಿನ ನೋಟಿಸ್ ಬೋರ್ಡಿನಲ್ಲಿ ಮುಖ್ಯಸ್ಥರ ಸಹಿ, ಮೊಹರು ಹಾಕಿದ ಹಾಳೆ ಅಂಟಿಸಿತ್ತು: 'ಸದರಿ ಅವಲೋಕನಕ್ಕೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ. ಅದು ಆದಿಯಿಂದ ಅಂತ್ಯದವರೆಗೆ ವಿಭಾಗದ ಅಟೆಂಡರ್ ಅವರದೇ ಆಗಿರುತ್ತದೆ. ಅವರ ದಿನಚರಿಯನ್ನು ನಂಬಿ ನಾನು ಮೋಸ ಹೋಗಿರುತ್ತೇನೆ. ಈ ಹಿಂದಿನ ನನ್ನ ಹನ್ನೊಂದು ಲೇಖನಗಳೂ ಅವರ ದಿನಚರಿಯನ್ನೇ ಆಧರಿಸಿದ್ದು, ಅವುಗಳಲ್ಲಿನ ತಪ್ಪುಗಳಿಗೂ ಅವರೇ ಹೊಣೆಯಾಗಿರುತ್ತಾರೆ.'

ಹದಿನಾಲ್ಕು ವರ್ಷ ಬಾಯಿಬಿಡದವರು ಈಗ ಹನ್ನೊಂದೂ ನನ್ನವು ಎಂದು ಊರಿಗೆಲ್ಲ ಸಾರಿದರು, ಅವು ಸುಳ್ಳು ಎನ್ನಿಸುವುದಕ್ಕೆ. ಹನ್ನೆರಡು ದಿನಗಳ ನಂತರ ತನಿಖೆ ಎಂದು ಗೊತ್ತಾಯಿತು. ತಜ್ಞೆಯೇ ಅದರ ಅಧ್ಯಕ್ಷೆ. ಪುಸ್ತಕಗಳನ್ನು ವಶಕ್ಕೆ ತೆಗೆದುಕೊಳ್ಳಲು ಬಂದಾಗ ಅವರು ನನ್ನನ್ನು ನೇರವಾಗಿ ನೋಡಿ, "ಇಪ್ಪತ್ತು ಪುಟ ಸುಳ್ಳಾದ್ರೆ ಉಳಿದಿದ್ದನ್ನ ಹೇಗಮ್ಮ ನಂಬೋದು? ಎಲ್ಲಾನೂ ರದ್ದಿಗೆ ಹಾಕ್ಬೇಕಾಗುತ್ತೆ" ಎಂದರು.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅವರ ಮುಖಕ್ಕೆ ಎಸೆದ ಕೆಸರು ನನ್ನ ಕಡಜದ ಮೇಲೆ, ನನ್ನ ಹಲ್ಲಿಯ ಮೇಲೆ, ಗುಬ್ಬಿಗಳ ಗುಂಡಿಗಳ ಮೇಲೆ ಬಿದ್ದಿತ್ತು. ಕೆಲಸ ಹೋದರೆ ಹೋಗಲಿ, ಹೇಗೂ ಮುಗಿಯುತ್ತಿತ್ತು. ಆದರೆ ಆ ಕಡಜ ನಿಜವಾಗಿಯೂ ಎರಡು ರಾಗದಲ್ಲಿ ಗುನುಗಿತ್ತು. ನಾನು ಕೇಳಿದ್ದೆ. ಇನ್ನು ಮುಂದೆ ಅದು ಗುನುಗಲೇ ಇಲ್ಲ ಎಂದಾಗುತ್ತದೆ, ಮತ್ತು ಹಾಗೆ ಮಾಡಿದವಳು ನಾನೇ.

ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಕಿಟಕಿಯ ಹತ್ತಿರ ಹೋದೆ. ಎಷ್ಟೋ ವಾರಗಳ ನಂತರ. ನಿಂತುಕೊಳ್ಳಲು ಆಗಲಿಲ್ಲ, ನೆಲದ ಮೇಲೆ ಕೂತು ಕಟ್ಟೆಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಅಳು ಮುಗಿದು ಕಣ್ಣು ಬಿಟ್ಟಾಗ ನನ್ನ ಮುಖ ನಿಂಬೆ ಗಿಡದ ಕೆಳಗಿತ್ತು. ಅಷ್ಟು ವರ್ಷ ಆ ಗಿಡವನ್ನು ಮೇಲಿನಿಂದಲೇ ನೋಡಿದ್ದೆ, ಬೆಳಕು ನನ್ನ ಬೆನ್ನ ಹಿಂದಿನಿಂದ ಬೀಳುತ್ತಿತ್ತು. ಈಗ ಬಿಸಿಲು ಎಲೆಯ ಆಚೆಗಿತ್ತು. ಮಡಚಿದ ಎಲೆಯೊಂದರಲ್ಲಿ ಹೊಸ ಗೂಡು, ಅದರ ಬಲೆಯ ಪರದೆ ಬಿಸಿಲಿಗೆ ಗಾಜಿನಂತಾಗಿತ್ತು. ಒಳಗೆ ತಾಯಿ, ಸುತ್ತ ಹತ್ತು ಹನ್ನೆರಡು ಮರಿಗಳು.

ತಾಯಿ ಮೈಯನ್ನು ಸ್ವಲ್ಪ ಮೇಲೆತ್ತಿತು. ಅದರ ಹೊಟ್ಟೆಯ ಕೆಳಗೆ ಏನೋ ಮಿನುಗಿತು.

ಹನಿ. ಬಿಳಿಯ ಹನಿ. ಗೂಡಿನ ಗೋಡೆಗೆ ತಗುಲಿ ನಿಂತಿತು. ಒಂದು ಮರಿ ತೆವಳಿ ಬಂದು ಬಾಯಿ ಹಚ್ಚಿತು. ಇನ್ನೊಂದು ಬಂತು. ಮೂರನೆಯದಕ್ಕೆ ತಾಳ್ಮೆ ಇರಲಿಲ್ಲ, ನೇರವಾಗಿ ತಾಯಿಯ ಹೊಟ್ಟೆಗೇ ಹೋಗಿ ಅಂಟಿಕೊಂಡಿತು. ತಾಯಿ ಅಲುಗಾಡಲಿಲ್ಲ. ಆ ಚಂಚಲೆ, ಒಂದು ಗಳಿಗೆ ಕಾಲು ನಿಲ್ಲದವಳು, ಮೀಸೆಯಾಡಿಸುವುದನ್ನೂ ಬಿಟ್ಟು ಸುಮ್ಮನೆ ನಿಂತಿದ್ದಳು.

ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಮುಖ್ಯಸ್ಥರು, ಪದಕ, ನಗು, ತನಿಖೆ ಒಂದೂ ನೆನಪಿರಲಿಲ್ಲ. ಸಾಸಿವೆಗಿಂತ ಸಣ್ಣ ಹನಿಯ ಮುಂದೆ ಐವತ್ತೊಂಬತ್ತು ವರ್ಷದ ಹೆಂಗಸು ಬಾಯಿ ತೆರೆದು ಕೂತಿದ್ದಳು. ಇದು ಇಲ್ಲೇ, ಚರಂಡಿಯ ಪಕ್ಕ, ನಾನು ದಿನಾ ಚಹಾದ ಸೊಪ್ಪು ಚೆಲ್ಲುವ ಕುಂಡದಲ್ಲಿ ನಡೆಯುತ್ತಿತ್ತು. ಯಾರಿಗೂ ತೋರಿಸುವುದಕ್ಕಲ್ಲ, ಯಾರ ಹೆಸರಿಗೂ ಅಲ್ಲ.

ನೆನಪಾದದ್ದು ಆಮೇಲೆ. ನೆನಪಾದ ಕೂಡಲೇ ಹಗೆಯೂ ಎದ್ದು ಕೂತಿತು, ಮೊದಲಿಗಿಂತ ಹೊಟ್ಟೆ ತುಂಬಿಸಿಕೊಂಡು. ನೋಟಿಸ್ ಬೋರ್ಡಿನ ಆ ಹಾಳೆ! ಸಹಿ, ಮೊಹರು ಸಮೇತ ಹಾಲನ್ನು ನನಗೆ ಬರೆದುಕೊಟ್ಟಿದ್ದಾರಲ್ಲ ಪುಣ್ಯಾತ್ಮ! ಹನ್ನೊಂದನ್ನೂ ಬರೆದುಕೊಟ್ಟಿದ್ದಾರೆ! ಓಡಿಹೋಗಿ ಆ ಹಾಳೆ ಇನ್ನೂ ಅಲ್ಲೇ ಇದೆಯೇ ಎಂದು ನೋಡಿ ಬಂದೆ. ಆ ಹನ್ನೆರಡು ದಿನವೂ ನೋಡಿದೆ, ಹೊಸ ಪುಸ್ತಕದಲ್ಲಿ ಬರೆದೆ. ಗೂಡಿಗೆ ತಾಯಿ ಒಂದು ನೊಣವನ್ನೂ ತರಲಿಲ್ಲ. ಮರಿಗಳು ನನ್ನ ಕಣ್ಣೆದುರಿಗೇ ದುಪ್ಪಟ್ಟಾದವು.

ತನಿಖೆಯ ದಿನ ಮೇಜಿನ ಆಚೆ ತಜ್ಞೆ ಮತ್ತು ಇನ್ನಿಬ್ಬರು, ಪಕ್ಕದಲ್ಲಿ ಮುಖ್ಯಸ್ಥರು. ಅವರು ಎದ್ದು ತಮ್ಮ ಪತ್ರ ಓದಿದರು. ಓದಿ ಕೂತಾಗ ನಾನು ಕೈ ಮುಗಿದು ಕೇಳಿದೆ: "ಸರ್, ಇನ್ನೊಂದು ಸಲ ಓದ್ತೀರಾ? ಸ್ವಲ್ಪ ಗಟ್ಟಿಯಾಗಿ."

ಅವರು ಇನ್ನೊಂದು ಸಲ ಓದಿದರು. 'ಯಾವುದೇ ಸಂಬಂಧ ಇರುವುದಿಲ್ಲ' ಎನ್ನುವಾಗ ಮೇಜು ಕುಟ್ಟಿದರು. ನನಗೆ ಅದು ಸಂಗೀತದಂತೆ ಕೇಳಿಸಿತು. ಓದಿ ಮುಗಿದ ಮೇಲೆ ನಾನು ಒಳಗಿನಿಂದ ಸೂಕ್ಷ್ಮದರ್ಶಕವನ್ನೂ ಗೂಡಿದ್ದ ಎಲೆಯನ್ನೂ ತಂದು ಮೇಜಿನ ಮೇಲಿಟ್ಟೆ. ಗೂಡಿನ ಪರದೆಯನ್ನು ಸೂಜಿಯಿಂದ ಕೂದಲಿನಷ್ಟು ಸೀಳಿ, ಕೆಳಗಿನಿಂದ ದೀಪ ಹಚ್ಚಿದೆ.

"ನೋಡಿ ಮೇಡಂ. ಆತುರ ಪಡಬೇಡಿ, ಅವಳು ಮನಸ್ಸು ಮಾಡಬೇಕು."

ತಜ್ಞೆ ಬಗ್ಗಿದರು. ಐದು ನಿಮಿಷ, ಹತ್ತು ನಿಮಿಷ. ಮುಖ್ಯಸ್ಥರು ಗಡಿಯಾರ ನೋಡಿಕೊಂಡು ಗಂಟಲು ಸರಿಪಡಿಸಿಕೊಂಡರು. ಇಪ್ಪತ್ತನೆಯ ನಿಮಿಷಕ್ಕೆ ತಜ್ಞೆಯ ಬೆನ್ನು ಸೆಟೆದುಕೊಂಡಿತು. ಅವರು ತಲೆ ಎತ್ತಿದಾಗ ಕನ್ನಡಕದ ಒಳಗೆ ಕಣ್ಣು ಒದ್ದೆಯಾಗಿತ್ತು. "ಅಯ್ಯೋ ದೇವರೇ," ಎಂದರು, ಅಷ್ಟೇ.

ಮುಖ್ಯಸ್ಥರು ಧಡಕ್ಕನೆ ಎದ್ದರು. "ನಾನು ಆವತ್ತೇ ಹೇಳಿದ್ನಲ್ಲ ಮೇಡಂ! ನಮ್ಮ ವಿಭಾಗದಲ್ಲಿ ನಾನು ಇದನ್ನ…"

ತಜ್ಞೆ ಆ ಪತ್ರವನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. "ಸಂಬಂಧ ಇರುವುದಿಲ್ಲ ಅಂತ ಈಗ ತಾನೇ ಎರಡು ಸಲ ಓದಿದ್ರಿ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ನಾನು ಹಂಡ್ರೆಡ್ ಪರ್ಸೆಂಟ್ ಗೆದ್ದಂತೆ. ಆದರೆ ತಜ್ಞೆ ಆ ಇಪ್ಪತ್ತು ಪುಟ ತೆರೆದು, "ಹಾಗಾದ್ರೆ ಇದೂ ನಿಜ ಅಂದಂಗಾಯ್ತು. ಆ ಮೂರು ದಿನ ಗಿಡ ಎಲ್ಲಿತ್ತು?" ಎಂದು ಕೇಳಿದಾಗ ಹಳೆಯ ಮುಖ್ಯಸ್ಥರ ಮಾತು ಅಡ್ಡ ಬಂತು. ನೋಡಿದ್ದನ್ನು ಮಾತ್ರ.

"ಗಿಡ ನನ್ನ ಮನೇಲಿತ್ತು ಮೇಡಂ. ಆದ್ರೆ ಆ ಇಪ್ಪತ್ತು ಪುಟ ಸುಳ್ಳು. ನಾನು ನೋಡಿರ್ಲಿಲ್ಲ. ಇವರ ಮೇಲಿನ ಹಗೆಗೆ ಬರೆದೆ. ಹೊಸ ಪುಸ್ತಕದಲ್ಲಿರೋದು ಮಾತ್ರ ನೋಡಿದ್ದು."

"ನೋಡಿದ್ರಾ, ನೋಡಿದ್ರಾ! ತಾನೇ ಒಪ್ಕೊಂಡ್ಳು!" ಮುಖ್ಯಸ್ಥರು ಕೂಗಿದರು.

ತಜ್ಞೆ ಅವರತ್ತ ತಿರುಗಿದರು. "ಆ ಇಪ್ಪತ್ತು ದಿನವೂ ಹಾಲು ಬರ್ತಾ ಇತ್ತು. ನೀವು ಒಂದೇ ಒಂದು ದಿನ ಹೋಗಿ ನೋಡಿದ್ರೆ ಇದು ನಿಮ್ದಾಗ್ತಿತ್ತು." ಆಮೇಲೆ ನನ್ನತ್ತ ನೋಡಿ, "ನಿಮಗೂ ಅದೇ ಮಾತು," ಎಂದರು.

ಸುಳ್ಳು ಬರೆದದ್ದಕ್ಕೆ ನನಗೊಂದು ಎಚ್ಚರಿಕೆಯ ಪತ್ರ ಬಂತು, ನಾನು ಅದನ್ನು ಜೋಪಾನವಾಗಿ ಇಟ್ಟಿದ್ದೇನೆ. ಉಳಿದ ಪುಟಗಳನ್ನು ತಜ್ಞೆ ಒಂದೊಂದಾಗಿ ಪರೀಕ್ಷಿಸಿ ಉಳಿಸಿದರು. ಹನ್ನೊಂದು ಲೇಖನಗಳಿಗೂ ತಿದ್ದುಪಡಿ ಅಚ್ಚಾಯಿತು, ಮುಖ್ಯಸ್ಥರ ಪತ್ರವೇ ಆಧಾರ. ಪದಕ ವಾಪಸ್ಸು ಹೋಯಿತು. ನಿವೃತ್ತಿಯ ದಿನದವರೆಗೂ ನಾನು ಅವರಿಗೆ ಚಹಾ ಕೊಟ್ಟೆ, ಪ್ರತಿದಿನ ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿ. ಅವರು ತುಟಿ ಪಿಟಕ್ಕೆನ್ನದೆ ಕುಡಿದರು.

ಹಾಲೂಡಿಸುವ ಜೇಡದ ಲೇಖನ ನಾನು ನಿವೃತ್ತಳಾದ ಮೇಲೆ ಬಂತು. ತಜ್ಞೆ ಬರೆದದ್ದು, ನನ್ನ ಹೆಸರು ಮೊದಲು. ನಾನು ಅದನ್ನು ಮನೆಗೆ ತಂದು ಅತ್ತೆಯ ಮಡಿಲಲ್ಲಿಟ್ಟೆ. ಅವರು ಭೂತಗನ್ನಡಿ ಹಿಡಿದು ಮೊದಲಿಂದ ಕೊನೆಯವರೆಗೆ ಒಂದೊಂದೇ ಹಾಳೆ ತಿರುವಿದರು. ಚಿತ್ರಗಳನ್ನು ನೋಡಿದರು. ಹೆಸರುಗಳ ಮೇಲೆ ಬೆರಳಿಟ್ಟು ಹುಡುಕಿದರು.

"ನನ್ನ ಹೆಸರು ಎಲ್ಲಿದೆಯೇ?"

"ನಿಮ್ಮ ಹೆಸರು ಯಾಕಿರುತ್ತೆ ಅತ್ತೆ?"

"ಮೊದಲು ಹೇಳಿದ್ದು ನಾನಲ್ವಾ?"

"ನೀವು ತಮಾಷೆಗೆ ಅಂದ್ರಿ."

ಅತ್ತೆ ಭೂತಗನ್ನಡಿ ಕೆಳಗಿಟ್ಟರು. "ತಮಾ‌ಷೆ? ಮೂರು ದಿನ ಈ ಕಿಟಕೀಲಿ ಕೂತು ನೋಡಿದೀನಿ. ಬೆಳಗ್ಗೆ ಒಂದು ಸಲ, ಸಂಜೆ ಎರಡು ಸಲ. ಕೊನೇ ಮರಿ ಬಡಕಲು, ಅದಕ್ಕೆ ಜಾಗ ಸಿಗ್ತಿರ್ಲಿಲ್ಲ, ಅವಳು ತಿರುಗಿ ನಿಂತು ಅದಕ್ಕೆ ಜಾಗ ಮಾಡಿಕೊಟ್ಳು. ಮೂವತ್ತು ವರ್ಷ ಬಾಣಂತಿಯರನ್ನ ನೋಡಿದೋಳಿಗೆ ಹಾಲು ಕುಡಿಸೋದು ಗೊತ್ತಾಗಲ್ವಾ? ನೀನು ಒಂದು ಮಾತು ಕೇಳಿದ್ಯಾ, ಹೇಗೆ ನೋಡಿದ್ರಿ ಅತ್ತೆ ಅಂತ?"

ನನಗೆ ನಾಚಿಕೆ, ಗಾಬರಿ, ಎಲ್ಲಕ್ಕಿಂತ ಹೆಚ್ಚಾಗಿ ಮೊದಲು ಕಂಡವಳು ನಾನಲ್ಲವಲ್ಲ ಎಂಬ ಸಂಕಟ. ಬಾಯಿ ತನ್ನಷ್ಟಕ್ಕೆ ತಾನೇ ಆಡಿತು:

"ಹೆಸರು ಹಾಕೋಕೆ ಬರೀ ನೋಡಿದ್ರೆ ಸಾಲದು ಅತ್ತೆ…"

ಉಳಿದರ್ಧವನ್ನು ನುಂಗಿದೆ, ಆದರೆ ತಡವಾಗಿತ್ತು. ಅತ್ತೆ ನನ್ನನ್ನು ತುಂಬ ಹೊತ್ತು ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಹದಿನಾಲ್ಕು ವರ್ಷ ಶನಿವಾರ ಶನಿವಾರ ನಾನೇ ಇನ್ನೊಬ್ಬರನ್ನು ಹಾಗೆ ನೋಡಿದ್ದೆ. ಅವರು ಲೇಖನವನ್ನು ಮಡಚಿ ನನ್ನ ಕೈಗಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಮರುದಿನ ಬೆಳಗ್ಗೆ ಅತ್ತೆ ನನಗಿಂತ ಮೊದಲೇ ಎದ್ದು, ಮಂಡಿನೋವಿನಲ್ಲೂ ತಾವೇ ಚಹಾ ಮಾಡಿ ತಂದು ನನ್ನ ಮುಂದಿಟ್ಟರು. ಅದರಲ್ಲಿ ಒಂದು ಹನಿ ಹಾಲೂ ಇರಲಿಲ್ಲ.